ಪುಜೋನ್ ಇಳಿಜಾರಿನ ಬ್ರೇಕು

2019 ಜನವರಿ 14, ಸೋಮವಾರ

ಬೆಳಿಗ್ಗೆ ಹತ್ತಕ್ಕೆ ಫೋನು. ನಾದಿನಿ ವಿಗಾತಿ ಪುಜೋನ್ ಇಳಿಜಾರಿನಲ್ಲಿ ಗಾಡಿ ಗುದ್ದಿಸಿದ್ದಾಳೆ. ನಮ್ಮ ಪೂರ್ವ ಜಾವಾದ ಕೆದಿರಿಯಿಂದ ಮಲಾಂಗಿಗೆ ಆರು ಜನ ಪ್ರಯಾಣಿಕರನ್ನು ಕೂರಿಸಿಕೊಂಡು ಬರುತ್ತಿದ್ದಳು. ದಿನವೂ ಅದೇ ದಾರಿ. ಪಾಯುಂಗ್ ತಿರುವಿನ ಹತ್ತಿರ ಬ್ರೇಕ್ ಪೆಡಲ್ ನೆಲಕ್ಕೆ ಹೋಯಿತಂತೆ. ಒಂದು ಕಡೆ ಕಣಿವೆ, ಇನ್ನೊಂದು ಕಡೆ ಗುಡ್ಡ. ಗುಡ್ಡದ ಕಡೆಗೆ ತಿರುಗಿಸಿದಳು. ಚರಂಡಿ ಹಾರಿ, ಸುಟ್ಟ ಜೋಳ ಮಾರುವ ಗುಡಿಸಲನ್ನು ಕೆಡವಿ ಗಾಡಿ ನಿಂತಿತು. ಬೆಳಗಿನ ಹೊತ್ತಾದ್ದರಿಂದ ಗುಡಿಸಲಲ್ಲಿ ಯಾರೂ ಇರಲಿಲ್ಲ.

ಪ್ರಾಣ ಯಾರದೂ ಹೋಗಲಿಲ್ಲ. ಅವಳ ಎಡ ಮಣಿಕಟ್ಟು ಮುರಿದಿದೆ. ಹಿಂದಿನ ಸೀಟಿನಲ್ಲಿದ್ದ ನಿವೃತ್ತ ಟೀಚರಮ್ಮ ಬು ಸುತಿಯಾ ಅವರ ಸೊಂಟದ ಮೂಳೆ ಮುರಿದಿದೆ. ಎಪ್ಪತ್ತೊಂದು ವರ್ಷದ ಹೆಂಗಸು.

ಜಪಾನಿನ ಮಿನೋಶಿ ಕಂಪನಿಯ ಸೆರಾಯು ಗಾಡಿಯ ಬ್ರೇಕು ತಾನಾಗಿ ಹೋಗುವುದಿಲ್ಲ. ಮೂವತ್ತು ವರ್ಷದಿಂದ ಗಾಡಿ ಬಿಚ್ಚಿ ಜೋಡಿಸುತ್ತಿರುವವನು ನಾನು. ಬ್ರೇಕು ಸಾಯುವುದಿಲ್ಲ, ಅದನ್ನು ಕೊಲ್ಲುತ್ತಾರೆ. ಇಳಿಜಾರಿನ ಉದ್ದಕ್ಕೂ ಪೆಡಲ್ ಮೇಲೆ ಕಾಲು ಊರಿಕೊಂಡು ಕೂತು ಕೊಲ್ಲುತ್ತಾರೆ. ಹೋದ ಗುರುವಾರ ನಾನೇ ಬ್ರೇಕ್ ಎಣ್ಣೆ ಬದಲಿಸಿ, ಪ್ಯಾಡು ನೋಡಿ, ಕೈಯಾರೆ ಕಳಿಸಿದ ಗಾಡಿ ಅದು.

ಹೆಂಗಸಿನ ಕೈಗೆ ಗುಡ್ಡದ ದಾರಿ ಕೊಡಬಾರದು ಎಂದು ಅವತ್ತೇ ಹೇಳಿದ್ದೆ. ಯಾರು ಕೇಳುತ್ತಾರೆ.

ಜನವರಿ 15, ಮಂಗಳವಾರ

ಆಸ್ಪತ್ರೆಗೆ ಹೋಗಿದ್ದೆ. ಹೋಗಬಾರದಿತ್ತು.

"ಎರಡನೇ ಗೇರಲ್ಲಿ ಇಳಿದ್ಯಾ?" ಎಂದು ಕೇಳಿದೆ. ಆ ಗೇರಿನಲ್ಲಿ ಎಂಜಿನ್ನೇ ಗಾಡಿಯನ್ನು ಹಿಡಿದಿಡುತ್ತದೆ, ಬ್ರೇಕಿಗೆ ಕೆಲಸ ಕಡಿಮೆ.

"ಇಳಿದೆ ಭಾವ."

"ಸುಳ್ಳು ಹೇಳ್ಬೇಡ."

"ಕೈ ಮುರ್ಕೊಂಡು ಬಿದ್ದಿರೋಳು ಸುಳ್ಳು ಯಾಕೆ ಹೇಳ್ಲಿ? ಹೋದ ತಿಂಗಳೇ ಹೇಳಿದ್ನಲ್ಲ, ಇಳಿಯುವಾಗ ಪೆಡಲ್ ಮೆತ್ತಗಾಗತ್ತೆ ಅಂತ. ಅದಕ್ಕೆ ಮುಂಚೆನೂ ಒಂದ್ಸಲ ಹೇಳಿದ್ದೆ. ನೀವೇನಂದ್ರಿ?"

ಏನಂದೆನೋ ನೆನಪಿಲ್ಲ ಎಂದೆ. ನನ್ನ ಹೆಂಡತಿ ಲಸ್ಮಿ ತಂಗಿಯ ತಲೆ ಬಾಚುತ್ತಾ ಕೂತಿದ್ದವಳು, ಬಾಚಣಿಗೆ ನಿಲ್ಲಿಸದೆಯೇ, "'ಪೆಡಲ್ ಮೆತ್ತಗಿಲ್ಲ, ನಿನ್ನ ಕಾಲು ಭಾರ' ಅಂದ್ರಿ. ನಾನಲ್ಲೇ ಕಾಫಿ ಲೋಟ ಹಿಡ್ಕೊಂಡು ನಿಂತಿದ್ದೆ" ಎಂದಳು.

ಅಕ್ಕ ತಂಗಿ ಸೇರಿದರೆ ನ್ಯಾಯ ಎಲ್ಲಿಯದು? ಎದ್ದು ಬಂದೆ.

ಎರಡು ವರ್ಷದ ಹಿಂದೆ ಇವಳು ಕೊರಿಯಾದ ಗಾಡಿ ಕೊಳ್ಳಲು ಹೊರಟಿದ್ದಳು. ನಾನೇ ತಡೆದೆ. ಊರಿಗೆಲ್ಲ ಹೇಳುವುದನ್ನೇ ಇವಳಿಗೂ ಹೇಳಿದೆ: ಜರ್ಮನಿಯವರು ಎಂಜಿನಿಯರುಗಳಿಗಾಗಿ ಗಾಡಿ ಮಾಡುತ್ತಾರೆ, ಅಮೆರಿಕದವರು ಪೆಟ್ರೋಲ್ ಬಂಕಿನವನಿಗಾಗಿ, ಕೊರಿಯಾದವರು ನೋಡುವವರ ಕಣ್ಣಿಗಾಗಿ, ಚೀನಾದವರು ಮೊದಲ ವರ್ಷಕ್ಕಾಗಿ. ಜಪಾನಿನವರೊಬ್ಬರೇ ಓಡಿಸುವವನಿಗಾಗಿ ಮಾಡುತ್ತಾರೆ. ಕಣ್ಣು ಮುಚ್ಚಿಕೊಂಡು ಮಿನೋಶಿ ತಗೋ. ಇಪ್ಪತ್ತನಾಲ್ಕನೇ ವಯಸ್ಸಿನಲ್ಲಿ ಆ ಕಂಪನಿಯ ಕಾರ್ಖಾನೆಯಲ್ಲಿ ಒಂದು ವರ್ಷ ತರಬೇತಿ ಪಡೆದವನು ನಾನು. ಈ ದಿನಚರಿ ಬರೆಯುವುದನ್ನೂ ಅಲ್ಲೇ ಕಲಿಸಿದರು. ದಿನದ ತಪ್ಪನ್ನು ದಿನವೇ ಬರೆಯಬೇಕು ಎನ್ನುತ್ತಿದ್ದರು ಮೇಲ್ವಿಚಾರಕ ಕುರಮೋಚಿ.

ಇವತ್ತಿನ ತಪ್ಪು ನನ್ನದಲ್ಲ.

ಜನವರಿ 17, ಗುರುವಾರ

ಠಾಣೆಗೆ ಹೋಗಿ ವಿಗಾತಿಯ ಪರವಾಗಿ ಕಾಗದಕ್ಕೆ ಸಹಿ ಹಾಕಿ ಬಂದೆ. ಅಧಿಕಾರಿ ಒಳ್ಳೆಯವನ ಹಾಗೆ, ಪಾಕ್ ಪಾಕ್ ಎಂದು ಮರ್ಯಾದೆಯಿಂದ ಮಾತಾಡಿದ. ಚಾಲಕಿಯ ನಿರ್ಲಕ್ಷ್ಯ ಎಂದು ಬರೆದುಕೊಂಡಿದ್ದಾರೆ. ನಿರ್ಲಕ್ಷ್ಯದಿಂದ ಇನ್ನೊಬ್ಬರಿಗೆ ಗಾಯ ಎಂದರೆ ಜೈಲಿದೆ. ಲೈಸೆನ್ಸಂತೂ ಹೋದ ಹಾಗೇ.

"ಬ್ರೇಕು ಪರೀಕ್ಷೆ ಮಾಡಿದ್ವಿ ಪಾಕ್ ಜುಮಾದಿ. ಮಧ್ಯಾಹ್ನ ಮೂರಕ್ಕೆ. ಚೆನ್ನಾಗಿ ಹಿಡೀತಿದೆ. ಏನೂ ದೋಷ ಇಲ್ಲ."

"ಗುದ್ದಿದ್ದು ಬೆಳಿಗ್ಗೆ ಒಂಬತ್ತೂವರೆಗೆ."

"ಹೌದು."

"ಐದೂವರೆ ಗಂಟೆ ಹೊತ್ತು ತಣ್ಣಗಾಗಲು ಬಿಟ್ಟು ಆಮೇಲೆ ಪರೀಕ್ಷೆ ಮಾಡಿದ್ರಾ? ಕಾದಾಗ ಕೈಕೊಡುವ ಬ್ರೇಕು ತಣ್ಣಗಾದ ಮೇಲೆ ಹಿಡಿಯದೆ ಇನ್ನೇನು? ಜ್ವರ ಬಿಟ್ಟ ಮೇಲೆ ಬಂದು ಇವನಿಗೆ ಜ್ವರವೇ ಇರ್ಲಿಲ್ಲ ಅಂತ ಬರೆದು ಹೋಗೋ ಡಾಕ್ಟರನ್ನ ಎಲ್ಲಾದರೂ ನೋಡಿದ್ದೀರಾ?"

ಅವನು ನಕ್ಕ. ನನಗೆ ನಗು ಬರಲಿಲ್ಲ. ನಾದಿನಿಯ ತಪ್ಪು ಬೇರೆ ಮಾತು, ಆದರೆ ತಪ್ಪು ಪರೀಕ್ಷೆ ತಪ್ಪು ಪರೀಕ್ಷೆಯೇ. ಕೆಲಸಗೇಡಿ ಕೆಲಸ ನನಗೆ ಆಗುವುದಿಲ್ಲ, ಯಾರು ಮಾಡಿದರೂ.

ವಾಪಸ್ ಬರುವಾಗ ಮಾಂಸದುಂಡೆ ಸೂಪಿನ ಬಾಕ್ಸೋ ಅಂಗಡಿಯಲ್ಲಿ ಊರಿನ ಅಷ್ಟೂ ಪಂಡಿತರು ಸೇರಿದ್ದರು. ಒಬ್ಬನ ಪ್ರಕಾರ ಜರ್ಮನ್ ಗಾಡಿಯಾಗಿದ್ದರೆ ಟೀಚರಮ್ಮನ ಕೂದಲೂ ಕೊಂಕುತ್ತಿರಲಿಲ್ಲ. ಜರ್ಮನ್ ಗಾಡಿಯಾಗಿದ್ದರೆ ವರ್ಷವಿಡೀ ಜುಮಾದಿಯ ಗ್ಯಾರೇಜಿನಲ್ಲೇ ಇರುತ್ತಿತ್ತು, ಗುದ್ದುವ ಪ್ರಶ್ನೆ ಎಲ್ಲಿ ಎಂದ ಇನ್ನೊಬ್ಬ. ಜಪಾನಿನದು ಸರಿ, ಆದರೆ ಇದು ನಮ್ಮ ಜಾವಾದಲ್ಲೇ ಜೋಡಿಸಿದ್ದು, ನಮ್ಮವರ ಕೈ ತಾಗಿದರೆ ಚಿನ್ನವೂ ತಗಡಾಗುತ್ತದೆ ಎಂದ ಮೂರನೆಯವನು. ಎಲ್ಲರೂ ಹೌದು ಹೌದು ಎಂದು ಸೂಪು ಕುಡಿದರು.

ನಾನೂ ಹೌದು ಎಂದೆ. ಅದು ನಿಜ ತಾನೇ.

ಜನವರಿ 22, ಮಂಗಳವಾರ

ಠಾಣೆಯ ಅಂಗಳದಲ್ಲಿ, ಅನುಮತಿ ಪಡೆದು, ವಿಗಾತಿಯ ಗಾಡಿಯ ಮುಂದಿನ ಚಕ್ರ ಬಿಚ್ಚಿದೆ.

ಬ್ರೇಕ್ ಎಣ್ಣೆ ನಾನು ಹಾಕಿದ್ದೇ, ಜೇನಿನ ಬಣ್ಣ, ಸ್ವಚ್ಛ. ಪ್ಯಾಡಿನ ಮುಖ ಗಾಜಿನ ಹಾಗೆ ಹೊಳೆಯುತ್ತಿದೆ. ಅದು ಒತ್ತುವ, ಚಕ್ರದ ಜತೆ ತಿರುಗುವ ಉಕ್ಕಿನ ತಟ್ಟೆ ನವಿಲಿನ ಕುತ್ತಿಗೆಯಂತೆ ನೀಲಿಯಾಗಿದೆ. ವಿಪರೀತ ಕಾದಿದೆ. ಪೆಡಲ್ ಮೇಲೆ ಕಾಲು ಊರಿಕೊಂಡು ಕೂತಿದ್ದಳು ಎನ್ನಲು ಇಷ್ಟು ಸಾಕಿತ್ತು. ಆದರೆ ಗೇರಿನ ಪೆಟ್ಟಿಗೆಯನ್ನೂ ನೋಡಿದೆ. ಎರಡನೇ ಗೇರಿನಲ್ಲೇ ಸಿಕ್ಕಿಕೊಂಡಿದೆ. ಗುದ್ದಿದ ರಭಸಕ್ಕೆ ಅಲ್ಲೇ ಬಾಗಿ ಕೂತಿದೆ.

ಹಾಗಾದರೆ ಅವಳು ಹೇಳಿದ್ದು ನಿಜ. ಈ ಮಾತು ಅವಳಿಗೆ ಹೇಳಬೇಕು. ನಾಳೆ ನೋಡೋಣ.

ತಟ್ಟೆ ಅಳೆದೆ. ಹನ್ನೆರಡು ಮಿಲಿಮೀಟರ್, ಒಂದೇ ಗಟ್ಟಿ ಬಿಲ್ಲೆ. ಈ ಅಳತೆ ನೂರು ಸಲ ತೆಗೆದಿದ್ದೇನೆ. ಹನ್ನೆರಡಿದ್ದರೆ ಹೊಸದು, ಹತ್ತಕ್ಕೆ ಇಳಿದರೆ ಬದಲಿಸು, ಪುಸ್ತಕದಲ್ಲಿ ಹಾಗಿದೆ. ಹನ್ನೆರಡೇ ಯಾಕೆ ಎಂದು ನೂರು ಸಲದಲ್ಲಿ ಒಂದು ಸಲವೂ ಕೇಳಿರಲಿಲ್ಲ. ಜಪಾನಿನಲ್ಲಿ ನಾನು ಜೋಡಿಸುತ್ತಿದ್ದದ್ದು ಎರಡು ಪದರದ ತಟ್ಟೆ. ನಡುವೆ ಗಾಳಿ ಹಾಯಲು ಪೊಳ್ಳು ಇರುತ್ತಿತ್ತು. ಏಳು ಜನ ಕೂತು ಗುಡ್ಡ ಇಳಿಯುವ ಗಾಡಿಗೆ ಈ ಹಪ್ಪಳ ಯಾರು ಹಾಕಿದರು?

ಯಾರು ಅಂದರೆ ನಮ್ಮವರೇ. ಪಶ್ಚಿಮ ಜಾವಾದ ಕಾರ್ಖಾನೆಯಲ್ಲಿ ಯಾವನೋ ಮ್ಯಾನೇಜರು ಉಕ್ಕು ಉಳಿಸಿ ಬೆನ್ನು ತಟ್ಟಿಸಿಕೊಂಡಿರಬೇಕು. ಜಪಾನಿನವರಿಗೆ ಗೊತ್ತೇ ಇರಲಿಕ್ಕಿಲ್ಲ. ಗೊತ್ತಾದರೆ ತಲೆ ತೆಗೆಯುತ್ತಾರೆ. ಕುರಮೋಚಿಯವರಿಗೆ ಪತ್ರ ಬರೆದೆ, ಅವರ ಮೊಮ್ಮಗಳ ಈಮೇಲಿಗೆ. ಜತೆಗೆ ತರಬೇತಿ ಪಡೆದ ಪೈಸಾನ್ ಈಗ ಥಾಯ್ಲೆಂಡಿನ ಚೊನ್‌ಬುರಿಯಲ್ಲಿ ಬಿಡಿಭಾಗದ ಅಂಗಡಿ ಇಟ್ಟಿದ್ದಾನೆ, ಅವನಿಗೂ ಬರೆದೆ. ಇಬ್ಬರಿಗೂ ಒಂದೇ ಪ್ರಶ್ನೆ: ನಿಮ್ಮಲ್ಲಿ ಮಾರುವ ಇದೇ ಗಾಡಿಯ ತಟ್ಟೆ ಎಷ್ಟು ದಪ್ಪ?

ಜನವರಿ 27, ಭಾನುವಾರ

ಎರಡೂ ಉತ್ತರ ಬಂದವು.

ಪೈಸಾನ್: "ಮೊದಲು ನಮ್ಮಲ್ಲೂ ತೆಳ್ಳಗಿನದೇ ಇತ್ತು ಗೆಳೆಯಾ. ಮೂರು ವರ್ಷದ ಹಿಂದೆ ಉತ್ತರದ ಗುಡ್ಡದಲ್ಲಿ ಎರಡು ಗಾಡಿ ಉರುಳಿ ಗಲಾಟೆಯಾಯಿತು. ಆಮೇಲೆ ದಪ್ಪದ್ದು ಬರತೊಡಗಿತು. ಯಾರೂ ಏನೂ ಹೇಳಲಿಲ್ಲ, ಸುಮ್ಮನೆ ಬದಲಾಯಿತು. ಈಗ ಇಪ್ಪತ್ತೆರಡು, ಪೊಳ್ಳಿನದು. ಒಂದನ್ನು ನಿನಗೆ ಕಳಿಸುತ್ತಿದ್ದೇನೆ. ಹಿಂಬದಿಯ ಮುದ್ರೆ ನೋಡು, ನಗು ಬರುತ್ತದೆ."

ಮುದ್ರೆಯ ಫೋಟೋ ಕಳಿಸಿದ್ದ. ಇಂಡೋನೇಷ್ಯಾದಲ್ಲಿ ತಯಾರಾದದ್ದು ಎಂದಿದೆ.

ನಮ್ಮ ಕಾರ್ಖಾನೆ, ನಮ್ಮವರ ಕೈ! ಅದೇ ಕೈ ಬೆಳಗಿನ ಪಾಳಿಯಲ್ಲಿ ದಪ್ಪ ತಟ್ಟೆ ಮಾಡಿ ಹಡಗಿಗೆ ಹಾಕುತ್ತದೆ, ಮಧ್ಯಾಹ್ನದ ಪಾಳಿಯಲ್ಲಿ ತೆಳು ತಟ್ಟೆ ಮಾಡಿ ನಮ್ಮ ಗುಡ್ಡಕ್ಕೆ ಕಳಿಸುತ್ತದೆ. ಮಾಡಲು ಬರುವುದಿಲ್ಲ ಎಂದಲ್ಲ. ಬರುತ್ತದೆ. ನಮಗೆ ಮಾಡಬೇಡಿ ಎಂದು ಹೇಳಿದ್ದಾರೆ, ಅಷ್ಟೇ.

ಕುರಮೋಚಿಯವರದು ನಾಲ್ಕೇ ಸಾಲು. "ನಿಮ್ಮ ಪತ್ರ ಓದಿ ಪಕ್ಕದ ಮನೆಯವರ ಗಾಡಿಯ ಚಕ್ರ ಬಿಚ್ಚಿಸಿ ಅಳೆದೆ. ಇಪ್ಪತ್ತೆರಡು, ನಡುವೆ ಪೊಳ್ಳು. ನಮ್ಮ ಊರು ಸಪಾಟು, ಇಲ್ಲಿ ಒಂದು ದಿಬ್ಬವೂ ಇಲ್ಲ. ನನಗೆ ನಾಚಿಕೆಯಾಗುತ್ತಿದೆ."

ಅವರಿಗೆ ಎಪ್ಪತ್ತೆಂಟು ವರ್ಷ. ಬಗ್ಗಿ ಚಕ್ರದ ಮುಂದೆ ಕೂತು ಅಳೆದಿದ್ದಾರೆ.

ಜನವರಿ 28, ಸೋಮವಾರ

ಕೆಲಸ ಮಾಡಲಾಗಲಿಲ್ಲ. ಒಬ್ಬ ಗಿರಾಕಿ ಬಂದು, "ಪಾಕ್, ಮಗಳಿಗೆ ಯಾವ ದೇಶದ ಗಾಡಿ ತಗೊಳ್ಳಿ?" ಎಂದ. "ಎತ್ತಿನ ಗಾಡಿ ತಗೋ" ಎಂದುಬಿಟ್ಟೆ. ಹೋದ.

ಇಷ್ಟು ವರ್ಷ ಎಷ್ಟು ಜನಕ್ಕೆ ಕಣ್ಣು ಮುಚ್ಚಿಕೊಂಡು ತಗೋ ಎಂದೆ! ಮುಚ್ಚಿದ್ದು ಯಾರ ಕಣ್ಣು?

ಫೆಬ್ರವರಿ 2, ಶನಿವಾರ

ಪುಜೋನಿನ ಕ್ಯಾರೆಟ್ ವ್ಯಾಪಾರಿ ಗಿಮಿನ್ ಹತ್ತಿರವೂ ಸೆರಾಯು ಇದೆ, ಅದೇ ವರ್ಷದ್ದು. ಬೇಡಿ ತಂದೆ. ನನ್ನನ್ನೂ ಸೇರಿಸಿ ಏಳು ಜನರ ತೂಕಕ್ಕೆ ಸರಿಯಾಗಿ ಕ್ಯಾರೆಟ್ ಮೂಟೆ ತುಂಬಿಸಿದೆ. ತಟ್ಟೆ, ಪ್ಯಾಡು, ಎಣ್ಣೆ ಎಲ್ಲ ಹೊಸದು ಹಾಕಿದೆ. ಇಳಿಜಾರಿನ ಕೊನೆಯಲ್ಲಿ ಮೇಲಕ್ಕೆ ಏರುವ ಮರಳಿನ ದಾರಿ ಇದೆ, ಕೈಕೊಟ್ಟರೆ ಅಲ್ಲಿ ನುಗ್ಗಿಸುವುದು ಎಂದು ಮೊದಲೇ ನಿಶ್ಚಯಿಸಿದ್ದೆ. ವಿಗಾತಿ ನಾನೂ ಬರುತ್ತೇನೆ ಎಂದಳು. ಬೇಡವೆಂದರೂ ಪ್ಲಾಸ್ಟರ್ ಹಾಕಿದ ಕೈ ಎದೆಗೊತ್ತಿಕೊಂಡು ಪಕ್ಕದಲ್ಲಿ ಕೂತಳು. ಅವಳ ತೂಕದಷ್ಟು ಮೂಟೆ ಇಳಿಸಿದೆ.

ಎರಡನೇ ಗೇರು. ಪುಸ್ತಕದಲ್ಲಿ ಹೇಳಿದಂತೆ ಒತ್ತುವುದು, ಬಿಡುವುದು. ಮೊದಲ ಮೂರು ತಿರುವು ಸರಿ. ನಾಲ್ಕನೆಯದರಲ್ಲಿ ಸುಟ್ಟ ವಾಸನೆ. ಎದುರಿಗೆ ಹಾಲಿನ ಲಾರಿ ಬಂತೆಂದು ಒತ್ತಿದೆ. ಪೆಡಲ್ ಸ್ಪಂಜಿನ ಹಾಗೆ ಒಳಗೆ ಹೋಯಿತು. ಇನ್ನೊಮ್ಮೆ ಒತ್ತಿದೆ, ಅರ್ಧಕ್ಕೆ. ಮೂರನೇ ಸಲ ನನ್ನ ಪಾದ ನೆಲಕ್ಕೆ ತಾಗಿತು. ಕಾಲ ಕೆಳಗೆ ಏನೂ ಇರಲಿಲ್ಲ.

"ಭಾವ," ವಿಗಾತಿ ಮುಂದೆ ನೋಡುತ್ತಲೇ ಹೇಳಿದಳು, "ಎರಡನೇ ಗೇರೇ ತಾನೇ?"

ಲಾರಿ ಪಕ್ಕದಿಂದ ದಾಟಿ ಹೋಯಿತು. ಮೊದಲನೇ ಗೇರಿಗೆ ಹಾಕಿದೆ, ಎಂಜಿನ್ ಕೂಗಿಕೊಂಡಿತು. ಅವಳು ಸರಿಯಿದ್ದ ಕೈಯಿಂದ ಕೈಬ್ರೇಕು ಎಳೆಯುತ್ತಾ ಬಿಡುತ್ತಾ, "ಈಗ ಬಲಕ್ಕೆ, ಈಗ ಬಿಡಿ, ಈಗ ಮರಳಿಗೆ" ಎಂದು ಹೇಳುತ್ತಾ ಹೋದಳು. ಹೇಳಿದ ಹಾಗೆ ಮಾಡಿದೆ. ಮರಳಿನಲ್ಲಿ ಗಾಡಿ ಹೂತು ನಿಂತಿತು. ಕ್ಯಾರೆಟ್ ನಮ್ಮ ತಲೆ ಮೇಲೆಲ್ಲ.

ಇಬ್ಬರೂ ಇಳಿದು ಕೂತೆವು. ಅವಳು ಒಂದು ಕ್ಯಾರೆಟ್ ಒರೆಸಿ ಕಡಿದಳು. "ಅವತ್ತು ನನ್ನ ಹಿಂದೆ ಆರು ಜನ ಕಿರುಚ್ತಿದ್ರು" ಎಂದಳು. "ಕ್ಯಾರೆಟ್ ಸುಮ್ನಿರತ್ತೆ, ಪುಣ್ಯ."

ಆರು ಜನ ಕಿರುಚುವಾಗ, ಮುನ್ನೂರು ಮೀಟರಿನೊಳಗೆ, ಕಣಿವೆ ಬಿಟ್ಟು ಗುಡ್ಡ ಆರಿಸಿಕೊಂಡಿದ್ದಳು. ನಾನಾಗಿದ್ದರೆ?

ಫೆಬ್ರವರಿ 3, ಭಾನುವಾರ

ನನ್ನ ಕಾಲು ಭಾರವೇನಲ್ಲ.

ಫೆಬ್ರವರಿ 6, ಬುಧವಾರ

ಹಳೆಯ ದಿನಚರಿಗಳನ್ನು ಕೆಳಗಿಳಿಸಿ ಓದಿದೆ. ಬೇರೆ ಏನೋ ಹುಡುಕಲು ಹೋಗಿ.

2016 ನವೆಂಬರ್: "ಸೂಲಗಿತ್ತಿ ನರ್ಸ್ ಬು ಹನಿಫಾ ಬಂದಿದ್ದರು. ಸೆರಾಯು ಇಳಿಯುವಾಗ ಪೆಡಲ್ ಮೆತ್ತಗೆ ಅನ್ನುತ್ತಾರೆ. ನೋಡಿದೆ, ಸರಿಯಿದೆ. ಓಡಿಸಲು ಬರುವುದಿಲ್ಲ." 2017 ಮೇ: "ಗಿಮಿನ್ ಅದೇ ದೂರು. ಮೂಟೆ ಜಾಸ್ತಿ ಹಾಕುತ್ತಾನೆ. ಬೈದು ಕಳಿಸಿದೆ." 2017 ಅಕ್ಟೋಬರ್, ಯಾರೋ ಶಾಲಾ ಗಾಡಿಯವರು. 2018ರಲ್ಲಿ ವಿಗಾತಿ, ಎರಡು ಸಲ. ಒಟ್ಟು ಐದು. ಐದಕ್ಕೂ ನನ್ನ ಅಕ್ಷರದಲ್ಲಿ ಒಂದೇ ಉತ್ತರ.

ಎಲ್ಲವನ್ನೂ ನಾನು ಪರೀಕ್ಷಿಸಿದ್ದು ಗ್ಯಾರೇಜಿನ ಮುಂದಿನ ಸಪಾಟು ರಸ್ತೆಯಲ್ಲಿ, ತಣ್ಣಗಿನ ಬ್ರೇಕಿನಲ್ಲಿ. ಠಾಣೆಯವನಿಗೆ ಹೇಳಿದ ಜ್ವರದ ಮಾತು ನೆನಪಾಗಿ ಕೂತಲ್ಲೇ ಕಿವಿ ಬಿಸಿಯಾಯಿತು.

ಬು ಹನಿಫಾ ಅವರ ಮನೆಗೆ ಹೋದೆ. ಬಾಗಿಲಲ್ಲೇ, "ಏನು ಪಾಕ್, ದಾರಿ ತಪ್ಪಿ ಬಂದ್ರಾ?" ಎಂದರು. ವಿಷಯ ಹೇಳಿದೆ. ಅವರು ಒಳಗೆ ಕರೆದು ಕರಿದ ಸೋಯಾ ತೆಂಪೆ ತಂದಿಟ್ಟು, ಎದುರಿಗೆ ಕೂತು ಹೇಳಿದರು:

"ನೀವು ಕಾಲಿನ ತಪ್ಪು ಅಂದ್ರಿ. ನಾನು ನಂಬಿದೆ. ಯಾಕಂದ್ರೆ ನೀವು ಜುಮಾದಿ. ಎರಡು ತಿಂಗಳು ಮಧ್ಯರಸ್ತೇಲಿ ಗಾಡಿ ನಿಲ್ಲಿಸಿ ತಣ್ಣಗಾಗೋವರೆಗೆ ಕಾಯ್ತಿದ್ದೆ. ಅತ್ತ ಹೆರಿಗೆ ನೋವಲ್ಲಿ ಒಬ್ಬಳು ಒದ್ದಾಡ್ತಿರ್ತಾಳೆ, ಇತ್ತ ನಾನು ರಸ್ತೆ ಬದಿ ಕೂತಿರ್ತೀನಿ, ನನಗೆ ಓಡಿಸಲು ಬರಲ್ಲ ಅಂತ ಅಳ್ತಾ. ಆಮೇಲೆ ಮಾರಿ ಸ್ಕೂಟರ್ ತಗೊಂಡೆ."

ತೆಂಪೆ ತಿಂದೆ. ಚೆನ್ನಾಗಿತ್ತು ಎಂದೆ. ನಾಚಿಕೆಗೆಟ್ಟವನು.

ಫೆಬ್ರವರಿ 11, ಸೋಮವಾರ

ಮಿನೋಶಿ ಕಂಪನಿಯಿಂದ ಇರಾವಾನ್ ಎಂಬ ಎಂಜಿನಿಯರ್ ಬಂದಿದ್ದ. ನಾನು ಪತ್ರದ ಮೇಲೆ ಪತ್ರ ಬರೆದದ್ದಕ್ಕೆ. ನಮ್ಮವನೇ, ಸುರಬಾಯಾದವನು. ಇಸ್ತ್ರಿ ಹಾಕಿದ ಬಾಟಿಕ್ ಅಂಗಿ, ನಾಜೂಕು ಮಾತು. ಪೈಸಾನ್ ಕಳಿಸಿದ ದಪ್ಪ ತಟ್ಟೆಯನ್ನೂ ನಮ್ಮ ತೆಳು ತಟ್ಟೆಯನ್ನೂ ಅವನ ಮುಂದೆ ಇಟ್ಟೆ.

"ಪಾಕ್, ಪ್ರತಿ ದೇಶದ ಮಾರುಕಟ್ಟೆಗೆ ತಕ್ಕ ಹಾಗೆ ವಿನ್ಯಾಸ ಮಾಡ್ತಾರೆ. ಇಲ್ಲಿನ ನಿಯಮಕ್ಕೆ ಇದು ಸಾಕು. ನಗರದ ಬಳಕೆ ಲೆಕ್ಕ ಹಾಕಿರ್ತಾರೆ."

"ಪುಜೋನಿನ ಗುಡ್ಡ ಯಾವ ದೇಶದ ಮಾರುಕಟ್ಟೆ?"

"ಹಾಗಲ್ಲ ಪಾಕ್..."

"ಥಾಯ್ಲೆಂಡಿನವರ ಸೊಂಟದ ಮೂಳೆ ನಮ್ಮ ಟೀಚರಮ್ಮನ ಮೂಳೆಗಿಂತ ಮೆತ್ತಗಾ?"

ಅವನು ನನ್ನ ಬಿಟ್ಟು ವಿಗಾತಿಯ ಕಡೆ ತಿರುಗಿದ. ಕಂಪನಿ ಸದ್ಭಾವನೆಯಿಂದ ಅವರಿಗೆ ಹೊಸ ಗಾಡಿ ಕೊಡುತ್ತದೆ. ಟೀಚರಮ್ಮನ ಕಡೆಯವರ ಹತ್ತಿರವೂ ಮಾತಾಡಿ ಕೇಸು ತಣ್ಣಗಾಗಿಸುತ್ತದೆ. ಬದಲಿಗೆ ಒಂದು ಸಹಿ: ಬ್ರೇಕಿನ ವಿಷಯ ಎಲ್ಲೂ ಎತ್ತುವುದಿಲ್ಲ ಎಂದು.

ತಗೋ ಎನ್ನಲು ನನ್ನ ಬಾಯಿ ತೆರೆಯಿತು. ಜೈಲು ತಪ್ಪುತ್ತದಲ್ಲ. ಆದರೆ ಅವಳ ವಿಷಯದಲ್ಲಿ ನಾನು ಬಾಯಿ ಹಾಕಿ ಆದದ್ದು ಸಾಕು ಎನಿಸಿ ಮುಚ್ಚಿಕೊಂಡೆ.

ವಿಗಾತಿ ಕಾಗದವನ್ನು ಪೂರ್ತಿ ಓದಿದಳು. "ಹೊಸ ಗಾಡೀಲಿ ಯಾವ ತಟ್ಟೆ ಇರತ್ತೆ?"

ಇರಾವಾನ್ ಮೇಜಿನ ಮೇಲಿನ ತೆಳು ತಟ್ಟೆಯ ಕಡೆ ನೋಡಿದ.

"ಹಾಗಾದ್ರೆ ಅದೇ ಗುಡ್ಡಕ್ಕೆ ಇನ್ನೊಂದ್ಸಲ ಗುದ್ದು ಅಂತ ಬಹುಮಾನ ಕೊಡ್ತಿದ್ದೀರ. ಬೇಡ ಪಾಕ್. ಕಾಫಿ ಆರಿಹೋಗ್ತಿದೆ, ಕುಡೀರಿ."

ಅವನು ಕುಡಿದ. ಹೋಗುವಾಗ ಬಾಗಿಲ ಹತ್ತಿರ ತಗ್ಗಿದ ದನಿಯಲ್ಲಿ, "ನನ್ನ ತಮ್ಮನ ಹತ್ರಾನೂ ಇದೇ ಗಾಡಿ ಇದೆ" ಎಂದ. ಹೇಳಿ ಏನು ಪ್ರಯೋಜನ! ತಮ್ಮನಿಗೆ ಹೇಳು, ನನಗಲ್ಲ.

ಫೆಬ್ರವರಿ 19, ಮಂಗಳವಾರ

ಠಾಣೆಯಲ್ಲಿ ಸಭೆ. ಕೇಸು ಕೋರ್ಟಿಗೆ ಕಳಿಸುವ ಮೊದಲು ಎರಡೂ ಕಡೆ ಕೇಳುತ್ತೇವೆ ಎಂದಿದ್ದರು. ಅಧಿಕಾರಿ, ಇರಾವಾನ್, ಅವನ ಜತೆ ಒಬ್ಬ ವಕೀಲ. ಈ ಕಡೆ ವಿಗಾತಿ, ಲಸ್ಮಿ, ನಾನು, ಗಿಮಿನ್, ಬು ಹನಿಫಾ. ಗಾಲಿಕುರ್ಚಿಯಲ್ಲಿ ಬು ಸುತಿಯಾ.

ತಟ್ಟೆಗಳನ್ನು ಮೇಜಿನ ಮೇಲಿಟ್ಟೆ. ಪುಜೋನಿನ ಪರೀಕ್ಷೆ ಹೇಳಿದೆ. ಪೈಸಾನ್, ಕುರಮೋಚಿ ಇಬ್ಬರ ಪತ್ರ ಓದಿದೆ. ವಕೀಲ ಎಲ್ಲವನ್ನೂ ತಾಳ್ಮೆಯಿಂದ ಕೇಳಿ ಒಂದೇ ಮಾತು ಹೇಳಿದ.

"ಈ ಪ್ರದೇಶದಿಂದ ಈ ಮಾಡೆಲ್ ಬ್ರೇಕಿನ ಬಗ್ಗೆ ಇವತ್ತಿನವರೆಗೆ ಒಂದೇ ಒಂದು ದೂರು ನಮ್ಮಲ್ಲಿ ದಾಖಲಾಗಿಲ್ಲ. ದೋಷ ಇದ್ದಿದ್ರೆ ಯಾರಾದ್ರೂ ಹೇಳ್ತಿರ್ಲಿಲ್ವಾ? ಈ ಅಮ್ಮ ಒಬ್ಬರಿಗೇ ಯಾಕೆ ಆಯ್ತು?"

ಅಧಿಕಾರಿ ತಲೆಯಾಡಿಸಿ ಬರೆದುಕೊಂಡ. ನಿಜ, ಕಂಪನಿಗೆ ದೂರು ಹೋಗಿಲ್ಲ. ಎಲ್ಲ ನನ್ನ ಹತ್ತಿರ ಬಂದು ನಿಂತಿದ್ದವು.

ದಿನಚರಿ ಚೀಲದಲ್ಲಿ ತಂದಿದ್ದೆ. ತೋರಿಸುವ ಮನಸ್ಸಿನಿಂದ ತಂದದ್ದೋ ಅಲ್ಲವೋ ಗೊತ್ತಿಲ್ಲ. ಲಸ್ಮಿಗೂ ನಾನು ಇವನ್ನು ಓದಲು ಕೊಟ್ಟವನಲ್ಲ. ಎದ್ದು ನಿಂತು ಓದಿದೆ, ತಾರೀಖು ಸಮೇತ. ಓಡಿಸಲು ಬರುವುದಿಲ್ಲ. ಮೂಟೆ ಜಾಸ್ತಿ ಹಾಕುತ್ತಾನೆ. ಕಾಲು ಭಾರ. ಐದೂ ಓದಿದೆ. ಬು ಹನಿಫಾ ನೆಲ ನೋಡುತ್ತಿದ್ದರು. ಗಿಮಿನ್ ಮಾತ್ರ, "ಬೈದದ್ದು ಇನ್ನೂ ಜಾಸ್ತಿ ಇತ್ತು, ಕಮ್ಮಿ ಬರ್ಕೊಂಡಿದ್ದೀರ" ಎಂದ.

ವಕೀಲ ಚುರುಕಾದ. "ಹಾಗಾದ್ರೆ ತಪ್ಪು ನಿಮ್ಮದೇ ಆಯ್ತಲ್ಲ ಪಾಕ್? ಐದು ಸಲ ಎಚ್ಚರಿಸಿದ್ರೂ ನೀವು ಮುಚ್ಚಿಟ್ಟಿರಿ."

"ಹೌದು. ನಂದು ಬರ್ಕೊಳ್ಳಿ" ಎಂದೆ ಅಧಿಕಾರಿಗೆ. "ಜುಮಾದಿ ಕೇಳಿಸ್ಕೊಳ್ಳಲಿಲ್ಲ ಅಂತ ದೊಡ್ಡಕ್ಷರದಲ್ಲಿ ಬರ್ಕೊಳ್ಳಿ. ಆದ್ರೆ ಬರ್ಕೊಂಡ್ಮೇಲೆ ಪೆನ್ನು ಕೆಳಗಿಡಬೇಡಿ. ಮೂರು ವರ್ಷದ ಹಿಂದೆ ಚೊನ್‌ಬುರಿಗೆ ದಪ್ಪ ತಟ್ಟೆ ಕಳಿಸಿದೋರಿಗೆ ತೆಳುವಿನದು ಸಾಲದು ಅಂತ ಗೊತ್ತಿತ್ತು. ನನಗೆ ಗೊತ್ತಿರ್ಲಿಲ್ಲ, ಅವರಿಗೆ ಗೊತ್ತಿತ್ತು. ಅದನ್ನೂ ಬರ್ಕೊಳ್ಳಿ. ಈ ಹೆಂಗಸಿಗೆ ಗೊತ್ತಿತ್ತು, ಹೇಳಿದ್ಳು, ಎರಡು ಸಲ ಹೇಳಿದ್ಳು. ಇಡೀ ಊರಲ್ಲಿ ತನ್ನ ಕೆಲಸ ನೆಟ್ಟಗೆ ಮಾಡಿದೋಳು ಅವಳೊಬ್ಬಳೇ. ಅವಳನ್ನ ಜೈಲಿಗೆ ಕಳಿಸ್ತೀರಾ?"

ನನ್ನ ದನಿ ಜೋರಾಗಿತ್ತಂತೆ. ಹೊರಗಿನವರೆಲ್ಲ ಕಿಟಕಿಗೆ ಬಂದಿದ್ದರಂತೆ.

ಆಮೇಲೆ ಬು ಸುತಿಯಾ ಕೈಯೆತ್ತಿದರು, ತರಗತಿಯಲ್ಲಿ ಎತ್ತುವ ಹಾಗೆ. "ನಾನೂ ಹೇಳ್ಬೋದಾ? ಮೂಳೆ ನಂದೇ. ಮಗ ಕೇಸು ಹಾಕೋಣ ಅಂದ. ಹಾಕೋಣ ಅಂದೆ. ಆದ್ರೆ ಇವಳ ಮೇಲಲ್ಲ. ಗಾಡಿ ಕಣಿವೆ ಕಡೆ ಹೋಗಿದ್ರೆ ಈಗ ಮಾತಾಡೋಕೆ ನಾನಿರ್ತಿರ್ಲಿಲ್ಲ."

ಬರುವಾಗ ಬಸ್ಸಿನಲ್ಲಿ ಲಸ್ಮಿ, "ಮದುವೆಯಾಗಿ ಇಪ್ಪತ್ತೊಂಬತ್ತು ವರ್ಷ. ನನ್ನ ಹತ್ರ ಒಂದ್ಸಲಾನೂ ಹಾಗೆ ಒಪ್ಕೊಂಡೋರಲ್ಲ" ಎಂದಳು. ನಿನ್ನ ಹತ್ತಿರ ನಾನು ತಪ್ಪು ಮಾಡಿಲ್ಲ ಎಂದೆ. ಕಿಟಕಿಯ ಕಡೆ ತಿರುಗಿ ನಗುತ್ತಿದ್ದಳು ಎಂದು ಕಾಣುತ್ತದೆ.

ಫೆಬ್ರವರಿ 25, ಸೋಮವಾರ

ಗಿರಾಕಿಗಳು ಕಡಿಮೆ. ಬಾಕ್ಸೋ ಅಂಗಡಿಯಲ್ಲಿ ನಾನು ಒಳಗೆ ಹೋದರೆ ಮಾತು ನಿಲ್ಲುತ್ತದೆ. ನಿಲ್ಲಲಿ.

ಮಾರ್ಚ್ 20, ಬುಧವಾರ

ವಿಗಾತಿಯ ಮೇಲಿನ ಕೇಸು ಕೈಬಿಟ್ಟರು. ಲೈಸೆನ್ಸು ವಾಪಸ್ ಬಂತು. ಲಸ್ಮಿ ಅತ್ತಳು, ಆಮೇಲೆ ಬೀದಿಗೆಲ್ಲ ಅನ್ನ ಕೋಳಿ ಹಂಚಿದಳು.

ಕಂಪನಿಯದೂ ಒಂದು ಪ್ರಕಟಣೆ ಬಂದಿದೆ. ಓದಿ ಮೈ ಉರಿಯಿತು. ಗುಡ್ಡಗಾಡಿನ ಮಾನ್ಯ ಗ್ರಾಹಕರಿಗೆ "ಪ್ರೀತಿಯ ಕೊಡುಗೆಯಾಗಿ" ಮುಂದಿನ ಬ್ರೇಕ್ ತಟ್ಟೆಗಳನ್ನು ಉಚಿತವಾಗಿ ಬದಲಿಸಿಕೊಡುತ್ತಾರಂತೆ. ದೋಷ ಎಂಬ ಪದ ಇಡೀ ಹಾಳೆಯಲ್ಲಿಲ್ಲ, ಕ್ಷಮೆಯೂ ಇಲ್ಲ. ಟೀಚರಮ್ಮ ಕಂಪನಿಯ ಮೇಲೆ ಹೂಡಿದ ಮೊಕದ್ದಮೆ ಎಷ್ಟು ವರ್ಷ ನಡೆಯುತ್ತದೋ. ಕದ್ದದ್ದನ್ನು ಹಿಂದಿರುಗಿಸುವಾಗ ಉಡುಗೊರೆಯ ಕಾಗದ ಸುತ್ತಿ ಕೊಡುವ ಜನ. ತಟ್ಟೆಯ ಪೆಟ್ಟಿಗೆಗಳು ಬಂದಿವೆ, ಮೇಲೆ "ರಫ್ತಿಗೆ ಮಾತ್ರ" ಎಂದು ಅಚ್ಚಾದದ್ದರ ಮೇಲೆ ಬಿಳಿ ಚೀಟಿ ಅಂಟಿಸಿದ್ದಾರೆ. ಉಗುರಿನಲ್ಲಿ ಕೆರೆದರೆ ಕಾಣುತ್ತದೆ. ಎಲ್ಲ ಪೆಟ್ಟಿಗೆಯದೂ ಕೆರೆದೆ.

ಠಾಣೆಯಿಂದ ಬಿಡಿಸಿ ರಿಪೇರಿ ಮುಗಿಸಿದ್ದ ವಿಗಾತಿಯ ಗಾಡಿಗೆ ನಾನೇ ಹಾಕಿದೆ. ಪುಜೋನಿನಿಂದ ಕೆಳಗಿನವರೆಗೆ ಅವಳೇ ಓಡಿಸಿದಳು. ನಾನು ಪಕ್ಕದಲ್ಲಿ ಕೂತು ನಿದ್ದೆ ಹೋಗಿದ್ದೆ. ಬಟುವಿನ ಸೇಬಿನ ಅಂಗಡಿ ಹತ್ತಿರ ಅವಳು ಎಬ್ಬಿಸಿದಳು.

ಏಪ್ರಿಲ್ 9, ಮಂಗಳವಾರ

ಇವತ್ತು ಕೆಲಸವೆಲ್ಲ ಹಿಂದೆ ಬಿತ್ತು. ಬೆಳಿಗ್ಗೆಯೇ ಒಬ್ಬ ಹೆಂಗಸು ಬಂದರು, ಹೊಸ ಗಿರಾಕಿ, ಹೂವಿನ ಸಸಿ ಮಾರುವವರು. ಕೊರಿಯಾದ ಗಾಡಿ. ತಿರುವಿನಲ್ಲಿ ಏನೋ ಸದ್ದು ಬರುತ್ತದಂತೆ. ಮೂರು ಗ್ಯಾರೇಜಿನಲ್ಲಿ ಏನೂ ಇಲ್ಲ ಎಂದು ಕಳಿಸಿದ್ದಾರೆ. "ನನ್ನ ಗಂಡಾನೂ ನಿನ್ನ ಕಿವಿಯೊಳಗಿನ ಸದ್ದು ಅಂತಾರೆ" ಎಂದರು. ಅಂಗಳದಲ್ಲಿ ಓಡಿಸಿ ನೋಡಿದೆ, ಏನೂ ಇಲ್ಲ. ಕೀಲಿ ಅವರಿಗೇ ಕೊಟ್ಟು, ಸದ್ದು ಬರುವ ದಾರಿಗೆ ಹೋಗೋಣ, ನೀವೇ ಓಡಿಸಿ ಎಂದೆ.

ಪುಜೋನ್ ಏರಿ ಇಳಿದೆವು. ಮೂರನೇ ತಿರುವಿನಲ್ಲಿ ಅವರು "ಅದೋ, ಕೇಳಿಸ್ತಾ?" ಎಂದರು. ಕೇಳಿಸಲಿಲ್ಲ. ಹಾಗೆಂದೇ ಹೇಳಿದೆ. ಅವರ ಮುಖ ಸಣ್ಣದಾಯಿತು. ಗಾಡಿ ತಿರುಗಿಸಿ, ಇನ್ನೊಮ್ಮೆ ಹತ್ತಿ ಎಂದೆ.

ಎರಡನೇ ಸಲ ಇಳಿಯುವಾಗ ನನಗೂ ಕೇಳಿಸಿತು.